ಚೀಟಿ ಹೇಳಿದ್ದೊಂದು, ರೋಗಿ ಬಯಸಿದ್ದೊಂದು

ಎರಡು ಚಿಕಿತ್ಸೆಗಳಲ್ಲಿ ಯಾವುದು ಮೇಲು ಎಂದು ತಿಳಿಯುವುದು ಹೇಗೆ? ನಮ್ಮ ಸಂಖ್ಯಾಶಾಸ್ತ್ರದ ಪುಸ್ತಕಗಳು ಇದಕ್ಕೆ ಒಂದೇ ಪ್ಯಾರಾದಲ್ಲಿ ಉತ್ತರ ಕೊಟ್ಟು ಮುಂದೆ ಹೋಗುತ್ತವೆ. ರೋಗಿಗಳನ್ನು ಯಾದೃಚ್ಛಿಕವಾಗಿ, ಎಂದರೆ ಚೀಟಿ ಎತ್ತಿದಂತೆ, ಎರಡು ಗುಂಪುಗಳಿಗೆ ಹಂಚಿ. ಒಂದಕ್ಕೆ ಹೊಸ ಚಿಕಿತ್ಸೆ, ಇನ್ನೊಂದಕ್ಕೆ ಹಳೆಯದು ಕೊಡಿ. ಕೊನೆಗೆ ಸರಾಸರಿಗಳನ್ನು ಹೋಲಿಸಿ. ವಯಸ್ಸು, ಬಡತನ, ರೋಗದ ತೀವ್ರತೆ ಮತ್ತು ನಮಗೆ ಗೊತ್ತೇ ಇಲ್ಲದ ಇನ್ನೆಷ್ಟೋ ಅಂಶಗಳು ಎರಡೂ ಗುಂಪುಗಳಲ್ಲಿ ಸರಿಸುಮಾರು ಸಮನಾಗಿ ಹಂಚಿಹೋಗುವುದರಿಂದ ಉಳಿಯುವ ವ್ಯತ್ಯಾಸ ಚಿಕಿತ್ಸೆಯದೇ ಆಗಿರುತ್ತದೆ. ತರ್ಕದಲ್ಲಿ ದೋಷವಿಲ್ಲ. ಆದರೆ ಆ ಪ್ಯಾರಾದಲ್ಲಿ ಒಬ್ಬರು ಕಾಣೆಯಾಗಿದ್ದಾರೆ: ಚೀಟಿಯಲ್ಲಿ ಬಂದದ್ದು ತನಗೆ ಬೇಡ ಎನ್ನಬಲ್ಲ ರೋಗಿ.

ಅವರು ಕಾಣೆಯಾದದ್ದಕ್ಕೆ ಕಾರಣ ಈ ವಿಧಾನದ ಹುಟ್ಟಿನಲ್ಲಿಯೇ ಇದೆ. 1920ರ ದಶಕದಲ್ಲಿ ಆರ್.ಎ. ಫಿಷರ್ ಇದನ್ನು ರೂಪಿಸಿದ್ದು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ, ಹೊಲದ ತಾಕುಗಳ ಮೇಲೆ. ತನಗೆ ಬಂದ ಗೊಬ್ಬರ ಹಿಡಿಸದೆ ಪಕ್ಕದ ತಾಕಿಗೆ ಎದ್ದುಹೋದ ಆಲೂಗಡ್ಡೆ ಗಿಡವನ್ನು ಯಾರೂ ಕಂಡಿಲ್ಲ. ಮುಂದೆ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಔಷಧವನ್ನು ಪರೀಕ್ಷಿಸಿ 1948ರಲ್ಲಿ ಪ್ರಕಟಿಸಿದ ಹೆಸರಾಂತ ಪ್ರಯೋಗದಲ್ಲೂ ಈ ತೊಂದರೆ ಬರಲಿಲ್ಲ. ಔಷಧ ವಿರಳವಾಗಿತ್ತು. 55 ಮಂದಿಗೆ ಔಷಧ, 52 ಮಂದಿಗೆ ಹಾಸಿಗೆಯ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ 4, ಎರಡನೆಯದರಲ್ಲಿ 14 ಸಾವುಗಳಾದವು. ಬ್ರಾಡ್‌ಫರ್ಡ್ ಹಿಲ್ ಅವರ ಈ ವಿನ್ಯಾಸವನ್ನು ಎಲ್ಲರೂ ಮೆಚ್ಚುತ್ತಾರೆ. ಆದರೆ ವಿಶ್ರಾಂತಿಯ ಗುಂಪಿನವರಿಗೆ ತಾವು ಪ್ರಯೋಗವೊಂದರ ನಿಯಂತ್ರಣ ಗುಂಪಿನಲ್ಲಿದ್ದೇವೆ ಎಂಬುದೇ ತಿಳಿದಿರಲಿಲ್ಲ. ಕೇಳದವರ ಇಷ್ಟಾನಿಷ್ಟ ಲೆಕ್ಕಕ್ಕೆ ಬರುವುದಿಲ್ಲ.

ಇಂದು ಕೇಳಲೇಬೇಕು. 1964ರ ಹೆಲ್ಸಿಂಕಿ ಘೋಷಣೆಯ ನಂತರ ತಿಳಿದು ಕೊಡುವ ಒಪ್ಪಿಗೆ ವೈದ್ಯಕೀಯ ಪ್ರಯೋಗಗಳ ತಳಹದಿಯಾಗಿದೆ. ಹಾಗೆ ಕೇಳಿದ ಮೇಲೆ ಗದ್ದೆಯ ಗಣಿತ ಎಷ್ಟು ಮಟ್ಟಿಗೆ ಉಳಿಯುತ್ತದೆ? ಈ ಪ್ರಶ್ನೆಗೆ ಸಂಶೋಧಕರು ಕೊಟ್ಟಿರುವ ಉತ್ತರಗಳು ಹಲವು. ಅವುಗಳಲ್ಲಿ ಕೆಲವು ರೋಗಕ್ಕಿಂತ ಕೆಟ್ಟ ಮದ್ದು ಎಂಬುದು ನನ್ನ ಅಭಿಪ್ರಾಯ.

ಮೊದಲು ರೋಗವನ್ನು ನೋಡೋಣ. ಸೊಂಟದ ಭಾಗದಲ್ಲಿ ಬೆನ್ನೆಲುಬಿನ ಡಿಸ್ಕ್ ಜಾರಿ ನರವನ್ನು ಒತ್ತಿದಾಗ ಕಾಲಿನವರೆಗೂ ಸೆಳೆತ ಬರುತ್ತದೆ. ಶಸ್ತ್ರಚಿಕಿತ್ಸೆ ಮಾಡಿ ಆ ತುಣುಕನ್ನು ತೆಗೆಯಬಹುದು, ಇಲ್ಲವೇ ವ್ಯಾಯಾಮ, ನೋವಿನ ಮಾತ್ರೆಗಳಿಂದ ನಿಭಾಯಿಸಬಹುದು. ಯಾವುದು ಮೇಲು ಎಂದು ತಿಳಿಯಲು ಅಮೆರಿಕದ 11 ರಾಜ್ಯಗಳ 13 ಕೇಂದ್ರಗಳಲ್ಲಿ 'ಸ್ಪೋರ್ಟ್' ಎಂಬ ಸಂಕ್ಷಿಪ್ತ ಹೆಸರಿನ ದೊಡ್ಡ ಪ್ರಯೋಗ ನಡೆಯಿತು. ಜೇಮ್ಸ್ ವೈನ್‌ಸ್ಟೀನ್ ಮತ್ತು ಸಂಗಡಿಗರು ಡಿಸ್ಕ್ ರೋಗಿಗಳ ಎರಡು ವರ್ಷಗಳ ಫಲಿತಾಂಶವನ್ನು 2006ರಲ್ಲಿ ಪ್ರಕಟಿಸಿದರು. ಸೇರಿದ 1244 ಮಂದಿಯಲ್ಲಿ ಚೀಟಿಗೆ ಒಪ್ಪಿದವರು 501 ಮಾತ್ರ. ಉಳಿದ 743 ಮಂದಿ ಚಿಕಿತ್ಸೆಯನ್ನು ತಾವೇ ಆರಿಸಿಕೊಂಡರು. ಅವರನ್ನು ಬೇರೊಂದು ವೀಕ್ಷಣಾ ಗುಂಪಾಗಿ ಗಮನಿಸಲಾಯಿತು.

ಒಪ್ಪಿದ 501 ಮಂದಿಯಾದರೂ ಚೀಟಿಗೆ ಬದ್ಧರಾದರೇ? ಶಸ್ತ್ರಚಿಕಿತ್ಸೆ ಎಂದು ಚೀಟಿ ಬಂದವರಲ್ಲಿ ಮೂರು ತಿಂಗಳೊಳಗೆ ಅದನ್ನು ಮಾಡಿಸಿಕೊಂಡವರು ನೂರಕ್ಕೆ 50. ಶಸ್ತ್ರಚಿಕಿತ್ಸೆ ಇಲ್ಲ ಎಂದು ಚೀಟಿ ಬಂದವರಲ್ಲೂ ಅದೇ ಅವಧಿಯಲ್ಲಿ 30 ಮಂದಿ ಮಾಡಿಸಿಕೊಂಡರು. ಎರಡು ವರ್ಷ ಮುಗಿಯುವ ಹೊತ್ತಿಗೆ ಈ ಅಂಕಿಗಳು 60 ಮತ್ತು 45 ಆಗಿದ್ದವು. ಜನ ತಾಕಿನಿಂದ ತಾಕಿಗೆ ಎದ್ದು ನಡೆದಿದ್ದರು. ಹೀಗೆ ದಾಟಿದವರು ಯಾರೋ ಕೆಲವರು ಅಲ್ಲ. ನೋವು ಹೆಚ್ಚಿದ್ದವರು, ಮೊದಲಿನಿಂದಲೂ ಶಸ್ತ್ರಚಿಕಿತ್ಸೆಯತ್ತ ಒಲವಿದ್ದವರು ಆ ಕಡೆಗೆ ದಾಟಿದರು. ನೋವು ಕಡಿಮೆಯಿದ್ದವರು, ಕತ್ತರಿ ಬೇಡವೆಂದಿದ್ದವರು ಈ ಕಡೆಗೆ ಬಂದರು.

ಇದರಿಂದ ಆಗುವ ನಷ್ಟವನ್ನು ತರಗತಿಯಲ್ಲೇ ಲೆಕ್ಕ ಹಾಕಬಹುದು. ಶಸ್ತ್ರಚಿಕಿತ್ಸೆಯಿಂದ ಪ್ರತಿಯೊಬ್ಬ ರೋಗಿಗೂ 20 ಅಂಕಗಳಷ್ಟು ನಿಜವಾದ ಲಾಭವಿದೆ ಎಂದಿಟ್ಟುಕೊಳ್ಳಿ. ಮೊದಲ ಗುಂಪಿನಲ್ಲಿ 60 ಶೇಕಡ ಜನ ಅದನ್ನು ಪಡೆದರೆ ಗುಂಪಿನ ಸರಾಸರಿ ಲಾಭ 12. ಎರಡನೆಯದರಲ್ಲಿ 45 ಶೇಕಡ ಪಡೆದರೆ ಸರಾಸರಿ 9. ಹಂಚಿದಂತೆಯೇ ಗುಂಪುಗಳನ್ನು ಹೋಲಿಸಿದರೆ ಕಾಣುವ ವ್ಯತ್ಯಾಸ ಬರೀ 3. ಇಪ್ಪತ್ತು ಮೂರಕ್ಕೆ ಕುಗ್ಗಿತು, ಎಂದರೆ 0.15 ಪಾಲಾಯಿತು. ಬೇಕಾಗುವ ರೋಗಿಗಳ ಸಂಖ್ಯೆ ವ್ಯತ್ಯಾಸದ ವರ್ಗಕ್ಕೆ ವಿಲೋಮವಾಗಿ ಏರುವುದರಿಂದ, ಅಷ್ಟೇ ಖಚಿತತೆಗೆ ಈಗ ಸುಮಾರು 44 ಪಟ್ಟು ಜನ ಬೇಕು. ಇದು ಒರಟು ಲೆಕ್ಕ. ಯಾರು ಯಾವಾಗ ದಾಟಿದರು ಎಂಬುದನ್ನು ಇದು ಎಣಿಸಿಲ್ಲ, ಲಾಭ ಎಲ್ಲರಿಗೂ ಒಂದೇ ಎಂದು ಊಹಿಸಿದೆ. ಆದರೂ ಪೆಟ್ಟಿನ ಗಾತ್ರ ತಿಳಿಯುತ್ತದೆ. ಸ್ಪೋರ್ಟ್‌ನಲ್ಲಿ ಹಾಗೆಯೇ ಆಯಿತು: ಎರಡೂ ಗುಂಪುಗಳು ಗಣನೀಯವಾಗಿ ಚೇತರಿಸಿಕೊಂಡವು, ಶಸ್ತ್ರಚಿಕಿತ್ಸೆಯ ಪರವಾಗಿ ಕಂಡ ವ್ಯತ್ಯಾಸ ಸಣ್ಣದಾಗಿತ್ತು, ಮುಖ್ಯ ಅಳತೆಗಳಲ್ಲಿ ಸಾಂಖ್ಯಿಕವಾಗಿ ಗಟ್ಟಿಯಾಗಿರಲಿಲ್ಲ.

ಹಾಗಾದರೆ ಚೀಟಿಯನ್ನು ಮರೆತು ನಿಜವಾಗಿ ಪಡೆದ ಚಿಕಿತ್ಸೆಯಂತೆ ಎಣಿಸಿದರೆ? ಹಾಗೆ ಎಣಿಸಿದಾಗ ಶಸ್ತ್ರಚಿಕಿತ್ಸೆ ಬಹಳ ಮುಂದಿತ್ತು. ತಾವೇ ಆರಿಸಿಕೊಂಡ ಗುಂಪಿನಲ್ಲೂ ಮುಂದಿತ್ತು. ಆದರೆ ಅಲ್ಲಿ ಹೋಲಿಸುತ್ತಿರುವುದು ಕತ್ತರಿಯನ್ನು ಬಯಸಿದವರನ್ನು ಬಯಸದವರ ಜೊತೆಗೆ. ಬಯಸುವಿಕೆಯ ಹಿಂದೆ ನೋವಿನ ತೀವ್ರತೆ, ಕೆಲಸದ ಒತ್ತಡ, ವೈದ್ಯರ ಮಾತು, ನಂಬಿಕೆ ಎಲ್ಲವೂ ಇವೆ. ಸಂಶೋಧಕರು ಎರಡೂ ಲೆಕ್ಕಗಳನ್ನು ಮುಚ್ಚುಮರೆಯಿಲ್ಲದೆ ಮುಂದಿಟ್ಟದ್ದು, ಮೊದಲೇ ರೋಗಿಗಳ ಒಲವನ್ನು ಕೇಳಿ ಬರೆದಿಟ್ಟುಕೊಂಡದ್ದು ಮೆಚ್ಚಬೇಕಾದ ಸಂಗತಿ. ಆದರೆ ನೋವಿನಿಂದ ನರಳುತ್ತಾ 'ಕತ್ತರಿಯೋ, ಕಾಯುವುದೋ' ಎಂದು ಕೇಳುವ ರೋಗಿಗೆ ಈ ಪ್ರಯೋಗ ನೇರ ಉತ್ತರ ಕೊಡಲಾರದೆ ಹೋಯಿತು.

ಒಲವಿನ ಕಾಟವನ್ನು ತಪ್ಪಿಸಿಕೊಳ್ಳಲು ಬಂದ ಮೊದಲ ಉಪಾಯ ಹಳೆಯದು. 1979ರಲ್ಲಿ ಸಂಖ್ಯಾಶಾಸ್ತ್ರಜ್ಞ ಮಾರ್ವಿನ್ ಝೆಲೆನ್ ಒಂದು ತಿರುವುಮುರುವು ಸೂಚಿಸಿದರು: ಮೊದಲು ಚೀಟಿ ಎತ್ತಿ, ಆಮೇಲೆ ಒಪ್ಪಿಗೆ ಕೇಳಿ. ಹಳೆಯ ಚಿಕಿತ್ಸೆಯ ಚೀಟಿ ಬಂದವರನ್ನು ಏನೂ ಕೇಳುವುದಿಲ್ಲ, ಅವರಿಗೆ ಹೇಗೂ ಅದೇ ಸಿಗುತ್ತಿತ್ತಲ್ಲ. ಹೊಸ ಚಿಕಿತ್ಸೆಯ ಚೀಟಿ ಬಂದವರನ್ನು ಮಾತ್ರ ಕೇಳಿ, ಬೇಡವೆಂದರೆ ಹಳೆಯದನ್ನೇ ಕೊಡುವುದು. ಇದರ ಇನ್ನೊಂದು ರೂಪದಲ್ಲಿ ಎರಡೂ ಗುಂಪುಗಳ ಒಪ್ಪಿಗೆ ಕೇಳುತ್ತಾರೆ, ಆದರೆ ಚೀಟಿಯಲ್ಲಿ ಏನು ಬಂದಿದೆ ಎಂದು ತಿಳಿಸಿದ ಮೇಲೆ.

ಇದರಿಂದ ಒಳ್ಳೆಯದೇ ಆಗಲಿಲ್ಲ ಎನ್ನಲಾಗದು. ಸ್ತನ ಕ್ಯಾನ್ಸರಿಗೆ ಇಡೀ ಸ್ತನವನ್ನು ತೆಗೆಯಬೇಕೇ, ಗಡ್ಡೆಯನ್ನಷ್ಟೇ ತೆಗೆದರೆ ಸಾಕೇ ಎಂದು ಪರೀಕ್ಷಿಸಲು ಬರ್ನಾರ್ಡ್ ಫಿಷರ್ ಅವರ ಮುಂದಾಳುತನದಲ್ಲಿ 1976ರಲ್ಲಿ ಅಮೆರಿಕದಲ್ಲಿ ಆರಂಭವಾದ ಪ್ರಯೋಗ ರೋಗಿಗಳು ಸೇರದೆ ಕುಂಟುತ್ತಿತ್ತು. ಇದೇ ಪ್ರಯೋಗಕ್ಕೆ ರೋಗಿಗಳನ್ನು ಏಕೆ ಕಳಿಸಲಿಲ್ಲ ಎಂದು ಶಸ್ತ್ರವೈದ್ಯರನ್ನು ಕೇಳಿದಾಗ 73 ಶೇಕಡ ಮಂದಿ ಕೊಟ್ಟ ಕಾರಣ, ವೈದ್ಯ-ರೋಗಿ ಸಂಬಂಧಕ್ಕೆ ಧಕ್ಕೆ ಬಂದೀತು ಎಂಬ ಅಳುಕು. 'ನಿಮಗೆ ಯಾವುದು ಒಳ್ಳೆಯದೆಂದು ನನಗೂ ಗೊತ್ತಿಲ್ಲ' ಎಂದು ರೋಗಿಯ ಎದುರು ಹೇಳುವುದು ಸುಲಭವಲ್ಲ. ಮೊದಲೇ ಚೀಟಿ ಎತ್ತುವ ಕ್ರಮ ತಂದ ಮೇಲೆ ಸೇರುವವರ ಸಂಖ್ಯೆ ಚುರುಕಾಯಿತು. ಗಡ್ಡೆಯನ್ನಷ್ಟೇ ತೆಗೆದರೂ ಆಯುಷ್ಯ ಕಡಿಮೆಯಾಗುವುದಿಲ್ಲ ಎಂಬುದು 1985ರಲ್ಲಿ ತಿಳಿಯಿತು, 2002ರಲ್ಲಿ ಪ್ರಕಟವಾದ ಇಪ್ಪತ್ತು ವರ್ಷಗಳ ಫಲಿತಾಂಶ ಅದನ್ನು ದೃಢಪಡಿಸಿತು. ಅಸಂಖ್ಯಾತ ಹೆಂಗಸರಿಗೆ ಸ್ತನ ಉಳಿಯಿತು.

ಹೀಗಿದ್ದರೂ ಝೆಲೆನ್ ವಿನ್ಯಾಸವನ್ನು ನಾನು ಒಪ್ಪಲಾರೆ. ಅದು ರೋಗಿಯ ಒಲವಿಗೆ ಉತ್ತರ ಕೊಡುವುದಿಲ್ಲ, ಒಲವು ಬಾಯಿಬಿಡದಂತೆ ನೋಡಿಕೊಳ್ಳುತ್ತದೆ. ಅರ್ಧ ಜನರನ್ನು 1948ರ ವಾರ್ಡಿಗೇ ಮರಳಿಸುತ್ತದೆ. ಚೀಟಿಯಲ್ಲಿ ಬಂದದ್ದು ಮೊದಲೇ ಗೊತ್ತಿರುವ ವೈದ್ಯರು ಅದನ್ನೇ ಚೆನ್ನಾಗಿ ವರ್ಣಿಸುವ ಸಂಭವವೂ ಇದೆ. ಅದರ ಮೇಲೆ ಗಣಿತವೂ ಬೆಲೆ ತೆರುತ್ತದೆ. ಹೊಸ ಚಿಕಿತ್ಸೆಯನ್ನು 20 ಶೇಕಡ ಜನ ನಿರಾಕರಿಸಿದರೂ ಅವರನ್ನು ಅದೇ ಗುಂಪಿನಲ್ಲಿ ಎಣಿಸಬೇಕು. ವ್ಯತ್ಯಾಸ 0.8 ಪಾಲಾಗುತ್ತದೆ, ರೋಗಿಗಳ ಸಂಖ್ಯೆಯನ್ನು ಒಂದೂವರೆ ಪಟ್ಟಿಗಿಂತ ಹೆಚ್ಚಿಸಬೇಕಾಗುತ್ತದೆ.

ಎರಡನೆಯ ಉಪಾಯ ಇದಕ್ಕೆ ತದ್ವಿರುದ್ಧ. ಕ್ರಿಸ್ ಬ್ರೂವಿನ್ ಮತ್ತು ಕ್ಲೇರ್ ಬ್ರಾಡ್ಲಿ ಎಂಬ ಮನೋವಿಜ್ಞಾನಿಗಳು 1989ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ನ್ಯಾಯವಾದ ತಕರಾರು ಎತ್ತಿದರು. ಮಾತ್ರೆಯಾದರೆ ನುಂಗಿದರಾಯಿತು. ಪಥ್ಯ, ವ್ಯಾಯಾಮ, ಇನ್ಸುಲಿನ್ ಪಂಪಿನ ಬಳಕೆ ಇವುಗಳಲ್ಲಿ ರೋಗಿಯೇ ದುಡಿಯಬೇಕು. ಬೇಡದ ಚಿಕಿತ್ಸೆ ಬಂದವರು ಮುನಿಸಿನಿಂದ ಅರ್ಧಮನಸ್ಸು ಮಾಡುತ್ತಾರೆ, ಬೇಕಾದದ್ದು ಬಂದವರು ಹುರುಪಿನಿಂದ ಮಾಡುತ್ತಾರೆ. ಯಾವುದು ಯಾರಿಗೆ ಬಂತೆಂದು ಮುಚ್ಚಿಡಲೂ ಆಗದು. ಆದ್ದರಿಂದ ಗಟ್ಟಿ ಒಲವು ಇಲ್ಲದವರಿಗೆ ಮಾತ್ರ ಚೀಟಿ, ಒಲವಿದ್ದವರಿಗೆ ಅವರು ಕೇಳಿದ್ದು ಎಂದು ಅವರು ಸೂಚಿಸಿದರು.

ತಕರಾರು ಸರಿ, ಪರಿಹಾರ ದುರ್ಬಲ. ಹೀಗೆ ಮಾಡಿದರೆ ನಾಲ್ಕು ಗುಂಪುಗಳಾಗುತ್ತವೆ. ಚೀಟಿಯ ಎರಡು ಗುಂಪುಗಳ ಹೋಲಿಕೆ ನಂಬತಕ್ಕದ್ದು, ಆದರೆ ಅವು ಬಡವಾಗುತ್ತವೆ. ಕೇಳಿದ್ದನ್ನು ಕೊಡುತ್ತೇವೆ ಎಂದ ಮೇಲೆ ಚೀಟಿಗೆ ಒಪ್ಪಬಹುದಾಗಿದ್ದವರೂ ಆ ಕಡೆಗೆ ಸರಿಯುತ್ತಾರೆ. ಇಷ್ಟದಂತೆ ಪಡೆದ ಎರಡು ಗುಂಪುಗಳ ಹೋಲಿಕೆಯಾದರೋ ಸ್ಪೋರ್ಟ್‌ನ 743 ಮಂದಿಯ ಕಥೆಯೇ. ಅಲ್ಲಿ ವ್ಯತ್ಯಾಸ ಕಂಡರೆ ಅದು ಚಿಕಿತ್ಸೆಯದೋ, ಒಲವಿನದೋ, ಒಲವಿಗೆ ಕಾರಣವಾದ ಇನ್ನಾವುದರದೋ ಎಂದು ಬಿಡಿಸಲಾಗದು.

ಡೇವಿಡ್ ಟಾರ್ಗರ್ಸನ್ ಮತ್ತಿತರರು 1990ರ ದಶಕದಲ್ಲಿ ಹೇಳಿದ್ದು ನನಗೆ ಹೆಚ್ಚು ಸರಿ ಎನಿಸುತ್ತದೆ. ಚೀಟಿ ಎತ್ತುವ ಮೊದಲು ಪ್ರತಿಯೊಬ್ಬರ ಒಲವನ್ನೂ ಅದರ ಗಟ್ಟಿತನವನ್ನೂ ಕೇಳಿ ಬರೆದಿಡಿ. ಒಲವಿದ್ದೂ ಚೀಟಿಗೆ ಒಪ್ಪುವವರು ಬಹಳ ಮಂದಿ ಇದ್ದಾರೆ, ಅವರನ್ನು ಕಳೆದುಕೊಳ್ಳಬೇಡಿ. ಖರ್ಚು ಒಂದೆರಡು ಪ್ರಶ್ನೆಗಳದ್ದು ಮಾತ್ರ. ಇಂಥ ಮಾಹಿತಿಯಿದ್ದ, ಮೂಳೆ-ಸ್ನಾಯುಗಳ ತೊಂದರೆಗಳ ಎಂಟು ಪ್ರಯೋಗಗಳ 1594 ರೋಗಿಗಳನ್ನು ಒಟ್ಟುಗೂಡಿಸಿ 2008ರಲ್ಲಿ ವಿಶ್ಲೇಷಿಸಲಾಯಿತು. ಇಷ್ಟಪಟ್ಟದ್ದೇ ಚೀಟಿಯಲ್ಲಿ ಬಂದವರು, ಯಾವ ಒಲವೂ ಇಲ್ಲದವರಿಗಿಂತ ಮಾನಕ ವಿಚಲನೆಯ 0.162 ಪಾಲಿನಷ್ಟು ಹೆಚ್ಚು ಚೇತರಿಸಿಕೊಂಡಿದ್ದರು. 95 ಶೇಕಡ ವಿಶ್ವಾಸದ ಎಲ್ಲೆಗಳು 0.011ರಿಂದ 0.314, ಎಂದರೆ ಕೆಳಗಿನ ಎಲ್ಲೆ ಸೊನ್ನೆಯನ್ನು ಮುಟ್ಟಿಯೇ ನಿಂತಿದೆ. ಬೇಡದ್ದು ಬಂದವರಿಗೂ ಒಲವಿಲ್ಲದವರಿಗೂ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಮುನಿಸಿನ ಭಯಕ್ಕೆ ಆಧಾರ ಸಿಗಲಿಲ್ಲ, ಹುರುಪಿನ ಲಾಭ ಇದ್ದೀತು, ಇದ್ದರೂ ಸಣ್ಣದು. ಎಂಟು ಪ್ರಯೋಗಗಳಿಂದ ಎಲ್ಲ ರೋಗಗಳ ಬಗ್ಗೆ ತೀರ್ಮಾನ ಕೊಡುವಂತಿಲ್ಲವಾದರೂ, ಒಲವು ಪ್ರಯೋಗವನ್ನೇ ಕೆಡಿಸಿಬಿಡುತ್ತದೆ ಎಂದು ಗಾಬರಿಪಡುವವರು ಈ ಅಂಕಿಗಳನ್ನು ನೋಡಬೇಕು.

ಒಲವಿನ ಪರಿಣಾಮವನ್ನೇ ಅಳೆಯಬೇಕೆಂದರೆ ಚೆಲುವಾದ ವಿನ್ಯಾಸವೊಂದಿದೆ. ಜರ್ಮನಿಯ ಗೆರ್ಟಾ ರ‍್ಯೂಕರ್ 1989ರಲ್ಲಿ ಅದನ್ನು ವಿವರಿಸಿದರು. ಮೊದಲ ಚೀಟಿ ಚಿಕಿತ್ಸೆಯನ್ನು ಹಂಚುವುದಿಲ್ಲ. 'ಆಯ್ಕೆ' ಮತ್ತು 'ಚೀಟಿ' ಎಂಬ ಎರಡು ಕೊಠಡಿಗಳಿಗೆ ಜನರನ್ನು ಹಂಚುತ್ತದೆ. ಆಯ್ಕೆಯ ಕೊಠಡಿಯವರು ಬೇಕಾದ ಚಿಕಿತ್ಸೆ ಪಡೆಯುತ್ತಾರೆ, ಚೀಟಿಯ ಕೊಠಡಿಯವರಿಗೆ ಮತ್ತೊಮ್ಮೆ ಚೀಟಿ. ಕಲ್ಪಿತ ಉದಾಹರಣೆಯೊಂದನ್ನು ಬಿಡಿಸೋಣ. ಆಯ್ಕೆಯ ಕೊಠಡಿಯಲ್ಲಿ 60 ಶೇಕಡ ಜನ 'ಕ' ಚಿಕಿತ್ಸೆಯನ್ನು ಆರಿಸಿಕೊಂಡು ಸರಾಸರಿ 14 ಅಂಕ ಪಡೆದರು. 40 ಶೇಕಡ ಜನ 'ಖ' ಆರಿಸಿಕೊಂಡು 10 ಪಡೆದರು. ಚೀಟಿಯ ಕೊಠಡಿಯಲ್ಲಿ 'ಕ' ಗುಂಪಿನ ಸರಾಸರಿ 12, 'ಖ' ಗುಂಪಿನದು 8.8.

ಕೊಠಡಿಗಳನ್ನು ಚೀಟಿಯಿಂದಲೇ ಹಂಚಿದ್ದರಿಂದ ಚೀಟಿಯ ಕೊಠಡಿಯ ಪ್ರತಿ ಗುಂಪಿನಲ್ಲೂ 'ಕ' ಬಯಸುವವರು 60 ಶೇಕಡ ಇರಬೇಕು. 'ಕ' ಗುಂಪಿನ ಸರಾಸರಿ 12ರಲ್ಲಿ ಅವರ ಪಾಲು 0.6 × 14 = 8.4. ಉಳಿದ 3.6 ಅಂಕ, 'ಖ' ಬಯಸಿಯೂ 'ಕ' ಪಡೆದ 40 ಶೇಕಡ ಜನರ ಪಾಲು. ಎಂದರೆ ಅವರ ಸರಾಸರಿ 9. ಹೀಗೆಯೇ 'ಖ' ಗುಂಪಿನಲ್ಲಿ 8.8ರಿಂದ 0.4 × 10 = 4 ಕಳೆದರೆ 4.8 ಉಳಿಯುತ್ತದೆ. 'ಕ' ಬಯಸಿಯೂ 'ಖ' ಪಡೆದವರ ಸರಾಸರಿ 8. ಈಗ ನೋಡಿ: 'ಕ' ಬಯಸುವವರಿಗೆ 'ಕ' 14, 'ಖ' 8. 'ಖ' ಬಯಸುವವರಿಗೆ 'ಕ' 9, 'ಖ' 10. ಸಾಮಾನ್ಯ ಪ್ರಯೋಗವಾಗಿದ್ದರೆ 'ಕ' 3.2 ಅಂಕ ಮೇಲು ಎಂದು ಬರೆದು ಮುಗಿಸುತ್ತಿದ್ದರು. ನೂರರಲ್ಲಿ 40 ಮಂದಿಗೆ ಅದು ಮೇಲಲ್ಲ ಎಂಬ ಸಂಗತಿ ಆ ಸರಾಸರಿಯೊಳಗೆ ಹೂತುಹೋಗುತ್ತಿತ್ತು.

ಲೆಕ್ಕ ಚೆಂದ, ಆದರೆ ಒಂದು ಊಹೆಯ ಮೇಲೆ ನಿಂತಿದೆ. ಬೇಕಾದದ್ದನ್ನು ತಾನೇ ಆರಿಸಿಕೊಂಡರೂ, ಅದೇ ಚೀಟಿಯಲ್ಲಿ ಬಂದರೂ ಫಲ ಒಂದೇ ಎಂದು ನಾವು ಸದ್ದಿಲ್ಲದೆ ಒಪ್ಪಿಕೊಂಡೆವು. ಆರಿಸಿಕೊಂಡೆ ಎಂಬ ಸಮಾಧಾನವೇ ಸ್ವಲ್ಪ ಗುಣ ಕೊಡುವುದಾದರೆ 14 ಎಂಬ ಅಂಕಿಯಲ್ಲಿ ಅದೂ ಸೇರಿಕೊಂಡಿರುತ್ತದೆ. ಜೊತೆಗೆ, ಎಲ್ಲರೂ ಒಂದೇ ಚಿಕಿತ್ಸೆಯನ್ನು ಬಯಸಿದರೆ ಈ ವಿನ್ಯಾಸ ಕೈಚೆಲ್ಲುತ್ತದೆ.

ಇಲ್ಲಿಯವರೆಗಿನ ಎಲ್ಲ ವಿನ್ಯಾಸಗಳಲ್ಲೂ ಒಂದು ಮಾತನ್ನು ಪ್ರಶ್ನಿಸದೆ ಬಿಡಲಾಗಿದೆ. ರೋಗಿ ಬರುವಾಗಲೇ ಒಲವನ್ನು ಕಟ್ಟಿಕೊಂಡು ಬರುತ್ತಾನೆ ಎಂಬುದು ಆ ಮಾತು. ಹಾಗಲ್ಲದಿರಬಹುದು ಎಂದು ತೋರಿಸಿದ್ದು ಬ್ರಿಟನ್ನಿನ 'ಪ್ರೊಟೆಕ್ಟ್' ಪ್ರಯೋಗ. ಪ್ರಾಸ್ಟೇಟ್ ಗ್ರಂಥಿಗೆ ಸೀಮಿತವಾದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ವಿಕಿರಣ, ಇಲ್ಲವೇ ಆಗಾಗ ಪರೀಕ್ಷಿಸುತ್ತಾ ನಿಗಾ ಇಡುವುದು ಎಂಬ ಮೂರು ಮಾರ್ಗಗಳನ್ನು ಅದು ಹೋಲಿಸಿತು. ಒಂದೆಡೆ ಕತ್ತರಿ, ಇನ್ನೊಂದೆಡೆ ಸುಮ್ಮನೆ ನೋಡುವುದು. ಇಂಥ ಪ್ರಯೋಗಕ್ಕೆ ಯಾರು ಒಪ್ಪುತ್ತಾರೆ ಎಂದು ಅನುಮಾನಪಟ್ಟವರೇ ಹೆಚ್ಚು. ಮೊದಲು ಕೇಳಿದಾಗ ಚೀಟಿಗೆ ಒಪ್ಪಿದವರು 40 ಶೇಕಡದಷ್ಟು.

ಜೆನ್ನಿ ಡೊನೊವನ್ ಮತ್ತು ಸಂಗಡಿಗರು ಆಗ ಮಾಡಿದ್ದು ಸರಳ ಕೆಲಸ. ಸಿಬ್ಬಂದಿ ರೋಗಿಗಳೊಡನೆ ನಡೆಸುವ ಮಾತುಕತೆಯನ್ನು ಧ್ವನಿಮುದ್ರಿಸಿ ಕುಳಿತು ಕೇಳಿದರು. ಶಸ್ತ್ರಚಿಕಿತ್ಸೆ, ವಿಕಿರಣಗಳನ್ನು ಮೊದಲು, ವಿವರವಾಗಿ ಹೇಳುತ್ತಿದ್ದರು. ನಿಗಾ ಕೊನೆಗೆ, ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಅದಕ್ಕೆ ಇಟ್ಟ ಇಂಗ್ಲಿಷ್ ಹೆಸರಿನ ಅರ್ಥ 'ಎಚ್ಚರದಿಂದ ಕಾಯುವುದು'. ಅದು ರೋಗಿಗಳ ಕಿವಿಗೆ 'ನೀವು ಸಾಯುವುದನ್ನು ನೋಡುತ್ತಾ ಕೂರುತ್ತೇವೆ' ಎಂದು ಕೇಳಿಸಿತ್ತು! ಹೆಸರನ್ನು 'ಸಕ್ರಿಯ ನಿಗಾ' ಎಂಬ ಅರ್ಥ ಬರುವಂತೆ ಬದಲಿಸಿದರು, ಅದನ್ನು ಮೊದಲು ವಿವರಿಸಿದರು, ಅದರಲ್ಲಿ ಯಾವ ಯಾವ ಪರೀಕ್ಷೆಗಳಿವೆ ಎಂದು ತಿಳಿಸಿದರು. ಈ ಕ್ಯಾನ್ಸರ್ ಇದ್ದೂ ಬಹುಮಂದಿ ಬಹುಕಾಲ ಬದುಕುತ್ತಾರೆ ಎಂಬ ಸತ್ಯವನ್ನೂ ಹೇಳಿದರು. ಒಪ್ಪುವವರ ಪ್ರಮಾಣ 70 ಶೇಕಡಕ್ಕೆ ಏರಿತು ಎಂದು 2002ರಲ್ಲಿ ವರದಿ ಮಾಡಿದರು. ರೋಗಿಯ ಒಲವು ಎಂದುಕೊಂಡದ್ದರಲ್ಲಿ ಒಂದು ಪಾಲು ಹೇಳುವವರ ಒಲವಿನ ಪ್ರತಿಧ್ವನಿಯಾಗಿತ್ತು.

ಇದು ತಿಳಿಸಿ ಹೇಳುವುದೋ, ಪುಸಲಾಯಿಸುವುದೋ? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಪರೀಕ್ಷಿಸಲು ಒಂದು ಒರೆಗಲ್ಲು ಇದೆ: ಪುಸಲಾಯಿಸಿ ಒಪ್ಪಿಸಿದ್ದರೆ ಚೀಟಿ ಕೈಗೆ ಬಂದ ಮೇಲೆ ಜನ ದಾಟಿಹೋಗಬೇಕು. ಅಂತಿಮವಾಗಿ ಅರ್ಹರಾದ 2664 ಮಂದಿಯಲ್ಲಿ 1643 ಮಂದಿ ಚೀಟಿಗೆ ಒಪ್ಪಿದರು. ಒಂಬತ್ತು ತಿಂಗಳೊಳಗೆ ತಮಗೆ ಬಂದ ಚಿಕಿತ್ಸೆಯನ್ನೇ ಪಡೆದವರು ನಿಗಾ ಗುಂಪಿನಲ್ಲಿ 88, ವಿಕಿರಣದಲ್ಲಿ 74, ಶಸ್ತ್ರಚಿಕಿತ್ಸೆಯಲ್ಲಿ 71 ಶೇಕಡ. ಪೂರ್ಣ ಅಂಕ ಕೊಡಲಾಗದು, ಕತ್ತರಿಯ ಚೀಟಿ ಬಂದವರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಜನ ಹಿಂಜರಿದರು. ಆದರೂ ಸ್ಪೋರ್ಟ್‌ನ 50 ಮತ್ತು 30ರ ಪಕ್ಕದಲ್ಲಿ ಇಟ್ಟರೆ ಇದು ಬೇರೆಯೇ ದರ್ಜೆಯ ಪ್ರಯೋಗ. ಮುಂದಿನ ವರ್ಷಗಳಲ್ಲಿ ನಿಗಾ ಗುಂಪಿನ ಅರ್ಧಕ್ಕಿಂತ ಹೆಚ್ಚು ಮಂದಿ ಶಸ್ತ್ರಚಿಕಿತ್ಸೆಗೋ ವಿಕಿರಣಕ್ಕೋ ಹೋದರು. ರೋಗ ಬೆಳೆಯುವ ಸೂಚನೆ ಕಂಡರೆ ಹೋಗಬಹುದೆಂಬುದು ಆ ಮಾರ್ಗದ ಭಾಗವೇ ಆಗಿತ್ತು. 2023ರಲ್ಲಿ ಬಂದ ಹದಿನೈದು ವರ್ಷಗಳ ಫಲಿತಾಂಶದಲ್ಲಿ ಈ ಕ್ಯಾನ್ಸರಿನಿಂದ ಸತ್ತವರು ನಿಗಾ ಗುಂಪಿನಲ್ಲಿ 3.1, ಶಸ್ತ್ರಚಿಕಿತ್ಸೆಯಲ್ಲಿ 2.2, ವಿಕಿರಣದಲ್ಲಿ 2.9 ಶೇಕಡ. 'ಸುಮ್ಮನೆ ಸಾಯಲು ಬಿಡುತ್ತಾರೆ' ಎಂದು ಹೆದರಿದವರ ಒಲವಿಗೆ ತಲೆಬಾಗಿ ಈ ಪ್ರಯೋಗವನ್ನು ಕೈಬಿಟ್ಟಿದ್ದರೆ, ಕತ್ತರಿಯ ಅಡ್ಡಪರಿಣಾಮಗಳನ್ನು ತಪ್ಪಿಸಿಕೊಳ್ಳಬಹುದಾದ ಗಂಡಸರಿಗೆ ಈ ಅಂಕಿಗಳು ಸಿಗುತ್ತಿರಲಿಲ್ಲ.

ಕನ್ನಡದಲ್ಲಿ ಒಪ್ಪಿಗೆ ಪತ್ರ ಬರೆಯುವವರಿಗೂ ಇದರಲ್ಲಿ ಕೆಲಸವಿದೆ. ನಮ್ಮ ದೇಶದ 2019ರ ಹೊಸ ಔಷಧ ಮತ್ತು ಚಿಕಿತ್ಸಾ ಪ್ರಯೋಗಗಳ ನಿಯಮಗಳು, ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಕೊಡಬೇಕೆನ್ನುತ್ತವೆ. 'ಯಾದೃಚ್ಛಿಕ' ಎಂದು ಅಚ್ಚುಹಾಕಿದರೆ ನಿಯಮ ಪಾಲಿಸಿದಂತಾಗುವುದಿಲ್ಲ, ಆ ಪದ ಓದಲು ಬಲ್ಲವರಿಗೂ ತಡೆಯುತ್ತದೆ. ಈ ಲೇಖನದುದ್ದಕ್ಕೂ ನಾನು ಬಳಸಿದ 'ಚೀಟಿ'ಯೂ ನಿರ್ದೋಷಿಯಲ್ಲ. ಚೀಟಿ ಎಂದೊಡನೆ ಒಬ್ಬರಿಗೆ ಬಹುಮಾನ, ಉಳಿದವರಿಗೆ ನಿರಾಶೆ ಎಂಬ ಭಾವನೆ ಬರುತ್ತದೆ. ಎರಡರಲ್ಲಿ ಯಾವುದು ಬಹುಮಾನ ಎಂದು ಯಾರಿಗೂ ಗೊತ್ತಿಲ್ಲದ್ದರಿಂದಲೇ ಪ್ರಯೋಗ ಮಾಡುತ್ತಿರುವುದು ಎಂಬ ಮುಖ್ಯ ಅಂಶ ಅದರಲ್ಲಿ ಕಳೆದುಹೋಗುತ್ತದೆ. 'ನೀವೇ ಹೇಳಿ ಡಾಕ್ಟ್ರೇ, ನಮಗೇನು ಗೊತ್ತಾಗುತ್ತೆ' ಎನ್ನುವ ರೋಗಿಯ ಎದುರು ಕುಳಿತಾಗ ಬರೆದಿಡಬೇಕಾದ ಒಲವು ಯಾರದು ಎಂಬುದೂ ಯೋಚಿಸತಕ್ಕದ್ದು. ಅಧ್ಯಾಪಕರು ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟು ನೋಡಬಹುದು: ಯಾದೃಚ್ಛಿಕ, ಚೀಟಿ, ಲಾಟರಿ, ಅದೃಷ್ಟ ಎಂಬ ನಾಲ್ಕು ಪದಗಳನ್ನೂ ಬಳಸದೆ, ಪ್ರೊಟೆಕ್ಟ್‌ನ ಮೂರು ಮಾರ್ಗಗಳನ್ನೂ ಅವುಗಳ ಹಂಚಿಕೆಯನ್ನೂ ಮನೆಯ ಅಜ್ಜನಿಗೆ ವಿವರಿಸಿ, ಅವರಿಗೆ ಏನು ಅರ್ಥವಾಯಿತೆಂದು ಅವರ ಮಾತಿನಲ್ಲೇ ಬರೆದುಕೊಂಡು ಬರುವುದು.